ಮುತ್ತುಗದ ಬೀಜದ ಪುಡಿ

ಡ್ಯಾಡಿ,

ನಿಮಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ನಿಮಗೆ ಎದುರಾಡಲು ನನಗೆ ಈಗಲೂ ಭಯ.

ಕಳೆದ ವಾರ ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರು ಮುತ್ತುಗದ ಬೀಜದ ಕಷಾಯವನ್ನು ಎರೆಹುಳುಗಳ ಮೇಲೆ ಸುರಿದರು. ಸ್ವಲ್ಪ ಹೊತ್ತು ಒದ್ದಾಡಿ ಸುಮ್ಮನಾದವು. "ಹೊಟ್ಟೆಹುಳಕ್ಕೂ ಇದೇ ಮದ್ದು, ಹಳ್ಳಿಯವರಿಗೆ ಮೊದಲಿಂದ ಗೊತ್ತು," ಎಂದರು.

ಹುಳ ಸಿಹಿಗೆ ಬಾಯಿ ತೆರೆಯಲಿ ಎಂದು ಚಿಕ್ಕಂದಿನಲ್ಲಿ ಅಮ್ಮ ನನಗೆ ಮೊದಲು ಬೆಲ್ಲ ತಿನ್ನಿಸುತ್ತಿದ್ದಳು, ಆಮೇಲೆ ಇದೇ ಬೀಜದ ಪುಡಿ. ನೀವು ಅದನ್ನು ಚಿನ್ನದ ಗಣಿಯ ಕೋರಮಂಡಲ್ ಬಂಗಲೆಯ ಕಿಟಕಿಯಿಂದ ಎಸೆದಿರಿ. ಮಗುವಿಗೆ ವಿಷ ಹಾಕುವವಳು ಎಂದು ಅವಳನ್ನು ಬೈದು ನನ್ನನ್ನು ಹಾಸ್ಟೆಲಿಗೆ ಹಾಕಿದಿರಿ. ಗಣಿ ಸರ್ಕಾರದ್ದಾದಾಗ ನೀವೊಬ್ಬರೇ ನಿಮ್ಮ ದೇಶಕ್ಕೆ ಹಡಗು ಹತ್ತಿದಿರಿ.

ಭಾನುವಾರ ಬೇತಮಂಗಲಕ್ಕೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ನಿಮ್ಮನ್ನು ಬಾಯಿತುಂಬ ಬೈಯುತ್ತಾಳೆ ಅಂದುಕೊಂಡಿದ್ದೆ.

"ಔದಾ? ಅಂಗಾದ್ರೆ ದೊರೆಗೆ ಬರ್ದಾಕು ಮಗಾ," ಎಂದಳು. "ಇಸ ಅಲ್ಲ ಅಂತ ಗೊತ್ತಾದ್ರೆ ಬತ್ತಾರೆ."

"ಅವರು ಹೋದದ್ದು ಅದಕ್ಕಲ್ಲಮ್ಮ."

"ನಿಂಗೇನ್ ಗೊತ್ತು, ಸುಮ್ಕಿರು. ಓದ್ದೋಳು ನೀನು, ಚೆಂದಾಗಿ ಬರಿ."

ಬರೆಯುತ್ತೇನೆ ಎಂದು ಬಸ್ಸು ಹತ್ತಿದೆ. ನೀವು ಕೊಟ್ಟ ವಿಳಾಸಕ್ಕೆ ಹಿಂದೆ ಬರೆದದ್ದೆಲ್ಲ ವಾಪಸ್ ಬಂದಿದೆ ಎಂದು ಅವಳಿಗೆ ಹೇಳಿಲ್ಲ.

ನಾಳೆ ಮತ್ತೆ ಭಾನುವಾರ. ಉತ್ತರ ಬಂತಾ ಎಂದು ಕೇಳುತ್ತಾಳೆ. ನೀವು ಸತ್ತಿರಿ ಎಂದು ಹೇಳಿಬಿಡಲೇ, ಡ್ಯಾಡಿ? ಅದೊಂದಾದರೂ ತನ್ನ ತಪ್ಪಲ್ಲ ಎಂದು ಅವಳು ನಂಬುತ್ತಾಳೆ.