ಮೊದಲು ಹೇಳಿದವರಿಗೆ ವಿನಾಯಿತಿ

ನವೆಂಬರ್ 4, ಬೆಳಿಗ್ಗೆ

ಬಿಸಿನೀರಿನ ಚೀಲ ಮತ್ತೆ ಸೋರುತ್ತಿದೆ. ಹೊಸದು ಕೇಳಿ ಎಷ್ಟು ಕಾಲವಾಯಿತೋ. ಹಾಸಿಗೆಯ ಹೊದಿಕೆ ಬದಲಿಸಿದೆ. ಹತ್ತಿ ಕತ್ತರಿಸಿಟ್ಟೆ. ಮಾತ್ರೆಯ ಕಪಾಟು ಒರೆಸಬೇಕಿತ್ತು, ಆಗಲಿಲ್ಲ. ಅದಕ್ಕೀಗ ಎರಡು ಬೀಗ. ಒಂದರ ಕೀ ನನ್ನ ಬಳಿ, ಇನ್ನೊಂದು ಶಿಸ್ತಿನ ಸರ್ ಬಳಿ. ಹೋದ ವರ್ಷದವರೆಗೆ ಬರೀ ಆಟದ ಮೇಷ್ಟ್ರು. ಈಗ ಇಡೀ ಶಾಲೆಯ ಶಿಸ್ತು ಅವರ ಕೈಯಲ್ಲಿ. ಅವರು ಮೈದಾನದಲ್ಲಿದ್ದರೆ ನನ್ನ ಆರೋಗ್ಯದ ಕೋಣೆಯಲ್ಲಿ ಔಷಧಿಯೇ ಇಲ್ಲ.

ಗೋಡೆಗೆ ಹೊಸ ನಿಯಮ ಅಂಟಿಸಿ ಹೋದರು. ಮಕ್ಕಳ ಬಳಿ ಯಾವ ಮಾತ್ರೆ ಸಿಕ್ಕರೂ ಟಿಸಿ. ತಲೆನೋವಿನದ್ದಾದರೂ ಸರಿ. ಕೊಟ್ಟವರು, ತೆಗೆದುಕೊಂಡವರು, ಇಟ್ಟುಕೋ ಎಂದವರು ಎಲ್ಲರೂ ಸಮ. ಸಿಬ್ಬಂದಿಯಾದರೆ ಕೆಲಸದಿಂದ ವಜಾ. ಕೊನೆಯ ಸಾಲು ದಪ್ಪ ಅಕ್ಷರದಲ್ಲಿ — ತಪ್ಪನ್ನು ತಾವಾಗಿ ಒಪ್ಪಿಕೊಂಡವರಿಗೆ ಅಥವಾ ಇನ್ನೊಬ್ಬ ತಪ್ಪಿತಸ್ಥರನ್ನು ತಿಳಿಸಿದವರಿಗೆ ವಿನಾಯಿತಿ. ಒಬ್ಬೊಬ್ಬ ತಪ್ಪಿತಸ್ಥರ ಬಗ್ಗೆಯೂ ಮೊದಲು ಬಂದು ಹೇಳಿದವರಿಗೆ ಮಾತ್ರ.

“ಝೀರೋ ಟಾಲರೆನ್ಸ್ ಸಿಸ್ಟರ್,” ಎಂದರು ಸರ್. ಅಂಟುಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಕೂರಿಸಿದರು.

ಅವರು ಹೋದ ಮೇಲೆ ಆಯಾ ನಕ್ಕಳು. “ಮೊದಲು ಬಂದವರಿಗೆ ಅಂತೆ. ಇದೇನು ಬಸ್ಸಿನ ಸೀಟಾ?”

ನವೆಂಬರ್ 6, ಮಧ್ಯಾಹ್ನ

ವಟವಟ ಬಂದಿದ್ದಳು. ಒಂಬತ್ತನೇ ಕ್ಲಾಸಿನ ಹುಡುಗಿ. ಟೀಚರುಗಳು ಇಟ್ಟ ಹೆಸರು, ಅವಳಿಗೂ ಗೊತ್ತು. ತಿಂಗಳ ಹೊಟ್ಟೆನೋವು. ಮಂಡಿಯನ್ನು ಎದೆಗೆ ಒತ್ತಿಕೊಂಡು ಮಲಗಿದಳು. ಸರ್ ತಂಡ ಕರೆದುಕೊಂಡು ಪಂದ್ಯಕ್ಕೆ ಹೋಗಿದ್ದಾರೆ, ಕೀ ಅವರ ಜೇಬಿನಲ್ಲಿ. ಅವಳ ಅಮ್ಮನಿಗೆ ಲಾಂಡ್ರಿಯಲ್ಲಿ ಕೆಲಸ. ಮೆಷಿನ್ ಸದ್ದಿಗೆ ಫೋನ್ ಕೇಳಿಸುವುದಿಲ್ಲ.

ಮುಖ ಬಿಳಿಚಿಕೊಂಡಿತ್ತು, ಬಾಯಿ ಮಾತ್ರ ನಿಂತಿರಲಿಲ್ಲ. “ಸಿಸ್ಟರ್, ಆ ಸರ್‌ಗೆ ಒಂದೇ ಒಂದು ದಿನ ಹಿಂಗಾಗ್ಲಿ. ಬೀಗ ಇರ್ಲಿ, ಕಪಾಟಿಗೆ ಬಾಗಿಲೇ ಇರಲ್ಲ.”

ನಗು ಬಂತು. ಆಮೇಲೆ ಅವಳು ಹಲ್ಲು ಕಚ್ಚಿದ್ದು ನೋಡಿ ನಗು ಹೋಯಿತು. ಅಂದುಬಿಟ್ಟೆ — “ಮನೇಲಿರೋ ಮಾತ್ರೆ ಎರಡು ತಂದು ಪೆನ್ಸಿಲ್ ಬಾಕ್ಸಲ್ಲಿ ಇಟ್ಕೋ. ಯಾರಿಗೂ ತೋರಿಸ್ಬೇಡ.”

ಆಗ ಬಾಗಿಲು ತೆರೆದಿತ್ತೇ? ಆಯಾ ಹೊರಗೆ ನೆಲ ಒರೆಸುತ್ತಿದ್ದಳು. ಬಕೆಟ್ ಸದ್ದು ನಡುವೆ ಸ್ವಲ್ಪ ಹೊತ್ತು ನಿಂತಿತ್ತು.

ನವೆಂಬರ್ 7

ಮೇಲಿನದನ್ನು ಯಾಕೆ ಬರೆದೆ? ಈ ಪುಸ್ತಕ ಶಾಲೆಯ ಡ್ರಾಯರಿನಲ್ಲಿ ಬೇಡ. ಇನ್ನು ಮೇಲೆ ನನ್ನ ಕೈಚೀಲದಲ್ಲಿ.

ನವೆಂಬರ್ 20, ಸಂಜೆ

ಆಯಿತು. ಆಗಬಾರದ್ದು.

ಪರೀಕ್ಷೆಯ ನಡುವೆ ವಟವಟನ ಬೆಂಚಿನ ಗೆಳತಿಗೆ ಹೊಟ್ಟೆನೋವು. ಇವಳು ಪೆನ್ಸಿಲ್ ಬಾಕ್ಸಿನಿಂದ ಮಾತ್ರೆ ದಾಟಿಸಿದಳು. ಮೇಲ್ವಿಚಾರಕಿ ನೋಡಿದರು. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದರಂತೆ. ಗೆಳತಿ ಮೊದಲು ಬಾಯಿಬಿಟ್ಟಳು, ಇವಳೇ ಕೊಟ್ಟದ್ದು ಎಂದು. ಅವಳು ವಾಪಸ್ ಪರೀಕ್ಷೆಗೆ. ಇವಳು ಆಫೀಸಿನ ಹೊರಗಿನ ಬೆಂಚಿಗೆ.

ಕ್ಲರ್ಕ್ ಹೇಳಿದ್ದು ಇಷ್ಟು. ಧ್ವನಿ ತಗ್ಗಿಸಿ ಇನ್ನೊಂದು ಸೇರಿಸಿದರು. “ಹಿಡಿದಾಗ ಅವಳ ಬಾಯಿಂದ ಬಂದುಬಿಟ್ಟಿದೆ ಸಿಸ್ಟರ್, ‘ಇಟ್ಕೋಬಹುದು ಅಂದಿದ್ರು’ ಅಂತ. ಯಾರು ಅಂದಿದ್ರು? ಅದಕ್ಕೆ ಮಾತ್ರ ಬಾಯಿಗೆ ಬೀಗ.”

ಇಪ್ಪತ್ತೇಳಕ್ಕೆ ವಿಚಾರಣೆ. ಅಲ್ಲಿವರೆಗೆ ಶಾಲೆಗೆ ಬರುವಂತಿಲ್ಲ.

ಕಾರಿಡಾರಿನಲ್ಲಿ ಅವಳನ್ನು ಕಂಡೆ. ತಲೆ ಎತ್ತಿದಳು. ನಾನು ಏನೋ ಮರೆತವಳಂತೆ ಹಿಂದೆ ತಿರುಗಿದೆ.

ನವೆಂಬರ್ 21

ಹೇಳಿದ್ದಾಳೆಯೇ? ಆ ಬಾಯಿ ಒಂದು ರಾತ್ರಿ ಸುಮ್ಮನಿದ್ದೀತೇ?

ಬೆಳಿಗ್ಗೆ ಶಿಸ್ತಿನ ಸರ್ ತಾವಾಗಿ ಬಂದು ಎರಡನೇ ಕೀ ಕೊಟ್ಟರು. “ಈ ವಾರ ನಿಮ್ಮ ಹತ್ರಾನೇ ಇರ್ಲಿ. ನಿಮ್ಮ ಮೇಲೆ ನಂಬಿಕೆ ಇದೆ.” ಹಿಂದೆ ಯಾವತ್ತೂ ನಂಬಿಕೆಯ ಮಾತು ಆಡಿದವರಲ್ಲ. ಕಪಾಟು ತೆರೆಯಲಿಲ್ಲ. ಒಬ್ಬ ಹುಡುಗ ತಲೆನೋವು ಎಂದು ಬಂದ, ಒದ್ದೆ ಬಟ್ಟೆ ಕಟ್ಟಿ ಕಳಿಸಿದೆ.

ಆಯಾ ಕೇಳದೆಯೇ ಟೀ ತಂದಳು. ಪ್ರಿನ್ಸಿಪಾಲ್ ಮೇಡಂ ಮೆಟ್ಟಿಲಲ್ಲಿ ಸಿಕ್ಕು ಮಗನನ್ನು ವಿಚಾರಿಸಿದರು. ಅವನು ಇಲ್ಲೇ ಐದನೇ ಕ್ಲಾಸು. ನನ್ನ ಕೆಲಸ ಇರುವವರೆಗೆ ಅವನ ಸೀಟು. ಅದು ಅವರಿಗೆ ಗೊತ್ತಿಲ್ಲದ್ದೇ? ಗೊತ್ತಿದ್ದೇ ಕೇಳಿದರೇ?

ರಾತ್ರಿ ಮನೆಯಲ್ಲಿ ನಮ್ಮ ಇವರ ಮುಂದೆ ಟೀಯ ವಿಷಯ ಹೇಳಿದೆ. ಷರಟಿಗೆ ಗುಂಡಿ ಹೊಲಿಯುತ್ತ ಕೂತಿದ್ದರು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನೀನ್ಯಾವ ಕುಂಬಳಕಾಯಿ ಕದ್ದೆ ಮಾರಾಯ್ತಿ?”

“ಏನಿಲ್ಲ,” ಎಂದೆ.

ದಾರ ಕಚ್ಚಿ ಕತ್ತರಿಸಿದರು. ಮತ್ತೆ ಕೇಳಲಿಲ್ಲ. ಅವರು ಕೇಳದೆ ಬಿಟ್ಟದ್ದೂ ಸರಿ ಕಾಣಲಿಲ್ಲ.

ನವೆಂಬರ್ 24, ಮಧ್ಯಾಹ್ನ

ವಟವಟನ ಅಮ್ಮ ಬಂದಿದ್ದರು. ಆಫೀಸಿಗೆ ಬಂದವರು ಹಾಗೇ ನನ್ನ ಕೋಣೆಗೆ. ಬೆರಳ ತುದಿಗಳು ಸೋಪಿನ ನೀರಿಗೆ ಸುಕ್ಕುಗಟ್ಟಿವೆ. ಸ್ಟೂಲಿನ ಅಂಚಿನಲ್ಲಿ ಕೂತರು.

“ಬಾಯಿ ಮುಚ್ಚೇ ಅಂದ್ರೆ ಒಂದಿನ ಮುಚ್ಚಿದವಳಲ್ಲ ಸಿಸ್ಟರ್. ಈಗ ಬಾಯಿ ಬಿಡೇ ಅಂದ್ರೆ ಗೋಡೆ ನೋಡ್ತಾಳೆ. ಯಾರು ಇಟ್ಕೋ ಅಂದ್ರು ಅಂತ ಹೇಳಿದ್ರೆ ಸಾಕಂತೆ, ಬರೀ ವಾರ್ನಿಂಗ್ ಕೊಟ್ಟು ಕ್ಲಾಸಿಗೆ ಸೇರಿಸ್ಕೊಳ್ತಾರಂತೆ. ಇಲ್ದಿದ್ರೆ ಟಿಸಿ. ನಡು ವರ್ಷದಲ್ಲಿ ಇಂಥ ಟಿಸಿ ಹಿಡ್ಕೊಂಡು ಹೋದ್ರೆ ಯಾರು ಸೇರಿಸ್ಕೊಳ್ತಾರೆ ಹೇಳಿ?”

“ಮಾತ್ರೆ ಎಲ್ಲಿಂದು?”

“ನನ್ನ ಡಬ್ಬಿಯಿಂದ ತಗೊಂಡದ್ದು. ‘ಅಮ್ಮನೇ ಇಟ್ಕೋ ಅಂದಿದ್ದು ಅಂತ ಹೇಳಿಬಿಡೇ’ ಅಂದೆ. ‘ಸುಳ್ಳು ಹೇಳಲ್ಲ’ ಅಂತಾಳೆ. ಇವಳಿಗೆ ಈ ಬುದ್ಧಿ ಯಾವಾಗ ಬಂತು, ದೇವರಿಗೇ ಗೊತ್ತು.” ನನ್ನ ಮುಖವನ್ನೇ ನೋಡಿದರು. “ತಿಂಗಳು ತಿಂಗಳು ಇಲ್ಲಿಗೇ ಬರ್ತಾಳಲ್ಲ. ನಿಮಗೇನಾದ್ರೂ ಅಂದಳಾ?”

ಅದು ಕೇಳಿದ್ದೇ, ಚುಚ್ಚಿದ್ದೇ? ತಿಳಿಯಲಿಲ್ಲ.

“ಇಲ್ಲಮ್ಮ,” ಎಂದೆ.

ಸ್ಟೂಲನ್ನು ಮೊದಲಿದ್ದ ಜಾಗಕ್ಕೇ ಸರಿಸಿಟ್ಟು ಹೋದರು.

ಸಂಜೆ

ಯಾಕೆ ಹೇಳುತ್ತಿಲ್ಲ ಅವಳು? ನನ್ನಿಂದ ಏನು ಬೇಕು? ವಿಚಾರಣೆಯ ದಿನಕ್ಕೆ ಉಳಿಸಿಕೊಂಡಿದ್ದಾಳೆಯೇ?

ಹದಿನಾಲ್ಕರ ಹುಡುಗಿಯ ಮೌನಕ್ಕೆ ಇಷ್ಟು ಅರ್ಥ ಹುಡುಕುತ್ತಿದ್ದೇನೆ. ಥೂ.

ನವೆಂಬರ್ 25

ಒಪ್ಪಿಕೊಳ್ಳುವುದು ಎಂದು ಬೆಳಿಗ್ಗೆ ಬಸ್ಸಿನಲ್ಲೇ ನಿಶ್ಚಯಿಸಿದೆ. ಪ್ರಿನ್ಸಿಪಾಲ್ ಮೇಡಂ ಬರುವುದು ತಡ. ಕ್ಲರ್ಕ್ ಮೇಜಿನ ಮುಂದೆ ನಿಂತು, ಯಾರದೋ ಮಾತು ಎನ್ನುವ ಹಾಗೆ ಕೇಳಿದೆ. ಆ ‘ಇಟ್ಕೋ’ ಎಂದವರು ತಾವಾಗಿ ಬಂದರೆ?

“ಬಂದ್ರೆ ಅವರು ಬಚಾವ್,” ಎಂದರು ಕ್ಲರ್ಕ್, ಸ್ಟ್ಯಾಂಪ್ ಒತ್ತುತ್ತಲೇ. “ನಿಯಮ ಓದಿಲ್ವಾ? ಮೊದಲು ಒಪ್ಪಿಕೊಂಡವರಿಗೆ ಒಂದು ವಾರ್ನಿಂಗ್, ಮುಗೀತು.”

“ಹುಡುಗಿ?”

“ಅವಳಿಗೆ ತೋರಿಸೋಕೆ ಇನ್ಯಾರು ಉಳಿದ್ರು ಸಿಸ್ಟರ್? ಟಿಸಿ.” ತಲೆ ಎತ್ತಿದರು. “ನೀವ್ಯಾಕೆ ಕೇಳ್ತಿದೀರಾ?”

“ಸುಮ್ನೆ.”

ವಾಪಸ್ ಬಂದು ಹಾಸಿಗೆಯ ಮೇಲೆ ಕೂತೆ. ನಾನು ಸತ್ಯ ಹೇಳಿದರೆ ಉಳಿಯುವುದು ನಾನೇ. ಕೆಲಸ, ಮಗನ ಸೀಟು, ಮೇಲೆ ‘ಪ್ರಾಮಾಣಿಕ ಸಿಸ್ಟರ್’ ಎಂಬ ಹೆಸರು ಬೇರೆ. ಹೋಗುವವಳು ಅವಳು. ಬಸ್ಸಿನಲ್ಲಿ ಮನಸ್ಸು ಅಷ್ಟು ಹಗುರವಾಗಿತ್ತಲ್ಲ... ಈ ಸಾಲು ಗೋಡೆಯ ಮೇಲೆ ದಿನಾ ಕಣ್ಣಿಗೆ ಬೀಳುತ್ತದೆ. ನನಗೆ ಮೊದಲೇ ತಿಳಿದಿರಲಿಲ್ಲವೇ? ಇಷ್ಟು ದಿನ ಊರವರನ್ನೆಲ್ಲ ಅನುಮಾನಿಸಿದೆ. ಈಗ ನನ್ನ ಸರದಿ.

ಅವಳು ಉಳಿಯಲು ಒಂದೇ ದಾರಿ. ನಾನು ಒಪ್ಪಿಕೊಳ್ಳಬಾರದು. ಅವಳು ನನ್ನನ್ನು ಹಿಡಿದುಕೊಡಬೇಕು.

ನವೆಂಬರ್ 27, ಬೆಳಿಗ್ಗೆ, ಮನೆ

ಇವರಿಗೆ ಎಲ್ಲ ಹೇಳಿದೆ. ಮಗ ಹಲ್ಲುಜ್ಜುತ್ತಿದ್ದ, ಅದಕ್ಕೇ ಪಿಸುಮಾತಿನಲ್ಲಿ.

ಬಚ್ಚಲ ಕಡೆಗೊಮ್ಮೆ ನೋಡಿದರು. “ಇವನ ಸ್ಕೂಲು?”

“ಹೋಗುತ್ತೆ.”

“ನಾನು ಬೇಡ ಅಂದ್ರೆ ಬಿಡ್ತೀಯಾ?”

“ಇಲ್ಲ.”

“ಮತ್ತೆ ನನ್ನನ್ಯಾಕೆ ಕೇಳ್ತೀಯಾ?” ಎದ್ದು ಹೋಗಿ ಮಗನ ಷೂಗೆ ಪಾಲಿಶ್ ಹಚ್ಚತೊಡಗಿದರು. ಬ್ರಷ್ಷಿನ ಸದ್ದು ಜೋರಾಗಿಯೇ ಇತ್ತು. ಆಮೇಲೆ ಬಂದು ನನ್ನ ಊಟದ ಡಬ್ಬಿಯ ಮುಚ್ಚಳ ಸರಿ ಮಾಡಿ ಕೊಟ್ಟರು.

9:40, ಆಫೀಸಿನ ಹೊರಗೆ

ಬೆಂಚಿನಲ್ಲಿ ಅವಳೊಬ್ಬಳೇ ಇದ್ದಳು. ಅಮ್ಮನನ್ನು ಮೊದಲು ಒಳಗೆ ಕರೆದಿದ್ದರು. ಪಕ್ಕ ಕೂತೆ. ಈಗಷ್ಟೇ ಆಡಿದ ಮಾತು, ಕಿವಿಯಲ್ಲಿ ಇರುವಾಗಲೇ ಬರೆಯುತ್ತಿದ್ದೇನೆ.

“ಒಳಗೆ ಹೋಗಿ, ಸಿಸ್ಟರ್ ಹೇಳಿದ್ರು ಅನ್ನು.”

“ನಾನು ಚಾಡಿ ಹೇಳೋಳಲ್ಲ.”

“ನಾನೇ ಹೇಳು ಅಂತಿದೀನಿ. ಚಾಡಿ ಹೇಗಾಗುತ್ತೆ?”

“ನೀವೇ ಹೋಗಿ ಹೇಳ್ಬಹುದಲ್ಲ.” ಕಣ್ಣು ಕೆಂಪಾಗಿತ್ತು. “ಹೇಳ್ತೀರಿ ಅಂತ ಏಳು ದಿನದಿಂದ ಕಾಯ್ತಾ ಇದೀನಿ. ಅಮ್ಮನ ಹತ್ರ ಹೊಡೆತಾನೂ ತಿಂದೆ.”

ಇದೇ ಆ ಮೌನದ ಅರ್ಥ. ಇಷ್ಟೇ.

“ನಾನು ಹೇಳಿದ್ರೆ ನಾನೊಬ್ಬಳೇ ಉಳಿಯೋದು. ಗೋಡೆ ಮೇಲೆ ಓದ್ಲಿಲ್ವಾ?”

ಓದಿದ್ದಾಳೆ. ಮುಖದಲ್ಲಿ ಕಂಡಿತು. ಆಮೇಲೆ ಅಂದಳು, “ನಿಮ್ಮ ಮಗ ಐದನೇ ಕ್ಲಾಸಲ್ವಾ? ಯಾವಾಗ್ಲೂ ಮೂಗು ಸೋರಿಸ್ಕೊಂಡು ಬರ್ತಾನಲ್ಲ, ಅವನು.”

“ಅದು ನನ್ನ ಚಿಂತೆ. ನಿನಗೆ ಬೇಡ.”

“ನನ್ನನ್ನೂ ಅನುಮಾನ ಪಟ್ರಿ ಅಲ್ವಾ ನೀವು?”

“ಹೌದು.”

ಇನ್ನೇನೋ ಹೇಳಲು ಬಾಯಿ ತೆರೆದಳು. ಅಮ್ಮ ಹೊರಗೆ ಬಂದರು. ಅಟೆಂಡರ್ ಇವಳನ್ನು ಕರೆದ. ಎದ್ದಳು, ಲಂಗ ಕೊಡವಿಕೊಂಡಳು, ಹೇಳುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಒಳಗೆ ಹೋದಳು.

9:55

ಬಾಗಿಲು ಮುಚ್ಚಿದೆ. ಅವಳ ಧ್ವನಿ ಕೇಳುತ್ತಿಲ್ಲ. ಯಾವಾಗಲೂ ಎರಡು ಕೋಣೆ ಆಚೆಗೂ ಕೇಳುವ ಧ್ವನಿ. ಮಾತಾಡುತ್ತಿಲ್ಲವೇ? ಹಟಮಾರಿ. ಮತ್ತೆ ಗೋಡೆ ನೋಡುತ್ತ ನಿಂತಿದ್ದಾಳೆಯೇ? ಪಕ್ಕದಲ್ಲಿ ಅವಳ ಅಮ್ಮ ಸೆರಗಿನ ಅಂಚನ್ನು ಸುತ್ತಿ ಬಿಡುತ್ತಿದ್ದಾರೆ. ನನ್ನನ್ನು ಏನೂ ಕೇಳುತ್ತಿಲ್ಲ.

ಹೇಳೇ ತಾಯಿ. ಒಂದೇ ಮಾತು.

ಚಿಲಕದ ಸದ್ದು. ಶಿಸ್ತಿನ ಸರ್. ಕಾರಿಡಾರಿನ ಆಚೆ ಈಚೆ ನೋಡಿ ನೇರ ನನ್ನ ಕಡೆಗೇ ಬರುತ್ತಿದ್ದಾರೆ. ಮುಖದಲ್ಲಿ ನಗುವಿಲ್ಲ. “ಸಿಸ್ಟರ್, ಒಳಗೆ ಬರ್ಬೇಕು ನೀವು.”

ಹೇಳಿದಳು. ಪುಣ್ಯಾತ್ಗಿತ್ತಿ, ಹೇಳಿಬಿಟ್ಟ—