ಎಣ್ಣೆ ಹಚ್ಚಿದ ಮೊಟ್ಟೆಗಳು

ಮೇ ೯, ಶುಕ್ರವಾರ

ಎಷ್ಟು ತಿಕ್ಕಿ ತೊಳೆದರೂ ಕೈಯಿಂದ ಮೆಕ್ಕೆಜೋಳದ ಎಣ್ಣೆಯ ಜಿಡ್ಡು ಹೋಗುತ್ತಿಲ್ಲ. ಪಾರ್ಕಿನಲ್ಲಿ ಕಾಡು ಹೆಬ್ಬಾತುಗಳು ಮಿತಿಮೀರಿವೆ ಎಂದು ನಮ್ಮಂಥ ಸ್ವಯಂಸೇವಕರ ಕೈಲಿ ಮೊಟ್ಟೆಗಳಿಗೆ ಎಣ್ಣೆ ಹಚ್ಚಿಸುತ್ತಾರೆ. ಒಳಗಿನ ಜೀವ ಉಸಿರುಕಟ್ಟಿ ಸಾಯುತ್ತದೆ. ಗಂಡು ಹಕ್ಕಿ ಮೈಮೇಲೆ ಬೀಳದಂತೆ ಜೊತೆಯ ಸ್ವಯಂಸೇವಕ ಓರೆಸ್ಟ್ ಛತ್ರಿ ಬಿಚ್ಚಿ ಅಡ್ಡ ಹಿಡಿದಿದ್ದ.

"ಇದಕ್ಕಿಂತ ಒಡೆದೇ ಹಾಕ್ಬಹುದಲ್ಲ?" ಎಂದೆ.

"ಒಡೆದ್ರೆ ತಾಯಿ ಹಕ್ಕಿ ಎದ್ದುಹೋಗಿ, ಬೇರೆ ಕಡೆ ಗೂಡು ಕಟ್ಕೊಂಡು ಮತ್ತೆ ಇಡ್ತಾಳೆ, ಮಾರ್ಲಿಸಮ್ಮ. ಹೀಗಾದ್ರೆ ಪಾಪ, ಇವತ್ತು ನಾಳೆ ಅಂತ ಕೂತೇ ಇರ್ತಾಳೆ. ಬೇಗ ಹಚ್ಚು, ಈ ಮಾರಾಯ ನನ್ನ ಛತ್ರಿ ತಿಂದ್ಹಾಕ್ತಾನೆ!"

ನಾವು ಸರಿದ ಕೂಡಲೇ ಅವಳು ಬಂದು, ಮೊಟ್ಟೆಗಳನ್ನು ಕೊಕ್ಕಿನಿಂದ ಮೆಲ್ಲಗೆ ಹೊರಳಿಸಿ, ಪುಕ್ಕ ಹರಡಿ ಕೂತಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮನೆಯಲ್ಲಿ ಊಟದ ಹೊತ್ತಿಗೆ ಗಂಡ ಡ್ವೈಟ್‌ನನ್ನು ಮತ್ತೆ ಕೇಳಿದೆ, ಹ್ಯಾಲಿಫ್ಯಾಕ್ಸ್‌ಗೆ, ನನ್ನೂರಿಗೆ, ಹೋಗಿ ನೆಲೆಸುವುದು ಯಾವಾಗ ಎಂದು. ಅವನು ಸಿಡುಕಲೂ ಇಲ್ಲ. ಪ್ರೀತಿಯಿಂದಲೇ ಬೆನ್ನು ಸವರಿ, "ಹೋಗೋಣ ಕಣೆ, ಇನ್ನೊಂದು ಚಳಿಗಾಲ ಕಳೀಲಿ," ಅಂದ. ಮದುವೆಯಾದಾಗಿನಿಂದ ಇದೇ ಮಾತು.

ಒಮ್ಮೆ, ಒಂದೇ ಒಮ್ಮೆ, ಆಗಲ್ಲ ಹೋಗು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರೆ ನಾನು ಎಂದೋ ಎದ್ದು...