ಉಮ್ಮನ ಮನೆಗೆ ಸುಮ್ಮನೆ

ಅಲ್ ಮನ್ಸೂರಾ, ದೋಹಾ
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಕೊನ್ಸೆಪ್ಟಕ್ಕಾ,

ಹೇಗಿದ್ದೀಯಾ? ಜಶ್‌ಪುರದ ಚಳಿಗೆ ನಿನ್ನ ಮಂಡಿನೋವು ಮತ್ತೆ ಎದ್ದಿತೇ? ನಾನು ಕಳಿಸಿದ ಉಣ್ಣೆಯ ಕಾಲುಚೀಲವನ್ನು ನೀನು ಹಾಕಿಕೊಳ್ಳದೆ ಯಾರಿಗೋ ಕೊಟ್ಟಿರುತ್ತೀ, ಗೊತ್ತು. ನಿಮ್ಮ ಕಾನ್ವೆಂಟಿಗೆ ಫೋನು ಮಾಡಿದರೆ ಮಾತು ತುಂಡು ತುಂಡಾಗಿ ಕೇಳುತ್ತದೆ. ಗೆಳತಿ ಶರ್ವಾಣಿ ಇಂದು ಸಂಜೆ ರಜೆಗೆ ಬೆಂಗಳೂರಿಗೆ ಹೊರಟಿದ್ದಾಳೆ, ಅಲ್ಲಿಂದ ಅಂಚೆಗೆ ಹಾಕುತ್ತಾಳೆ ಎಂದು ಈ ಕಾಗದ ಬರೆಯಲು ಕುಳಿತೆ. ಕುಳಿತ ಮೇಲೂ ಎರಡು ಸಲ ಎದ್ದು ಹೋಗಿ ಬಂದೆ, ಒಮ್ಮೆ ಬಟ್ಟೆ ಒಣಗಿತೇ ಎಂದು, ಇನ್ನೊಮ್ಮೆ ಯಾಕೆಂದು ಅಡುಗೆಮನೆಗೆ ಹೋದ ಮೇಲೆ ಮರೆತೇಹೋಯಿತು. ಈಗೀಗ ಹೀಗೇ.

ಕಳೆದ ವರ್ಷ ಆಪರೇಷನ್ನಿಗೆ ಒಳಗೆ ಹೋಗುವ ಮೊದಲು ನಾನೊಂದು ಹರಕೆ ಹೊತ್ತಿದ್ದೆ, ನಿನಗೂ ಹೇಳಿರಲಿಲ್ಲ. ದೇವರೇ, ಬದುಕಿಸಿದರೆ ಉಳಿದ ಆಯುಷ್ಯವೆಲ್ಲ ನಿನ್ನ ಕೆಲಸಕ್ಕೆ ಎಂದು. ದೇವರು ಬದುಕಿಸಿದರು. ಡಾಕ್ಟರು ಎದೆಯ ಗಂಟು ಪೂರ್ತಿ ಹೋಗಿದೆ ಎಂದ ದಿನ ಆಲ್ಬನ್ ಆಸ್ಪತ್ರೆಯ ಕಾರಿಡಾರಿನಲ್ಲೇ ಅತ್ತುಬಿಟ್ಟ. ನಾನು ಅಳಲಿಲ್ಲ, ಆ ಹೊತ್ತಿಗಾಗಲೇ ಏನೇನು ಮಾಡಬೇಕೆಂದು ಲೆಕ್ಕ ಹಾಕುತ್ತಿದ್ದೆ. ಅಂದಿನಿಂದ ಓಟವೇ ಓಟ. ಚರ್ಚಿನಲ್ಲಿ ಮಕ್ಕಳ ಧರ್ಮಬೋಧೆ, ಕೆಲಸಗಾರರ ಕ್ಯಾಂಪಿಗೆ ಊಟದ ಪೊಟ್ಟಣ, ಆಸ್ಪತ್ರೆಯಲ್ಲಿ ಯಾರೂ ಇಲ್ಲದವರ ಬಳಿ ಕೂರುವುದು, ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಒಂದು ವಾರ ಜ್ವರ ಬಂದು ತಪ್ಪಿಸಿಕೊಂಡರೆ ರಾತ್ರಿ ಎದ್ದು ಕೂರುತ್ತಿದ್ದೆ. ಕೊಟ್ಟದ್ದನ್ನು ದೇವರು ವಾಪಸು ತೆಗೆದುಕೊಂಡರೆ? ಪಾಪನಿವೇದನೆಯಲ್ಲಿ ಇದನ್ನು ಹೇಳಿದಾಗ ಫಾದರ್ ಇಷ್ಟೇ ಕೇಳಿದರು, ಗುಣ ಮಾಡುವ ಮೊದಲು ದೇವರು ನಿಮ್ಮ ಹತ್ತಿರ ಏನಾದರೂ ಕೇಳಿದ್ದರೇ ಎಂದು. ಇಲ್ಲ ಎಂದೆ. ಹೊರಗೆ ಬಂದು ಅವರ ಮೇಲೆ ಸಿಟ್ಟು ಮಾಡಿಕೊಂಡೆ.

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಮೊಯ್ದಿನ್ ಕುಂಞಿ ಇದ್ದಾರೆ, ಬಂಟ್ವಾಳದ ಕಡೆಯ ಬ್ಯಾರಿಗಳು, ಇಲ್ಲೇ ಬಟ್ಟೆ ಅಂಗಡಿ. ಅವರ ತಾಯಿ ಮಾಜಿದಾ, ನಾವೆಲ್ಲ ಕರೆಯುವುದು ಉಮ್ಮ ಎಂದು. ಬೇಸಿಗೆಯಲ್ಲಿ ಉಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಸೊಸೆ ಆಯಿಶಾ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದಳು. ಮಗ ಅಂಗಡಿಗೆ ಹೋದರೆ ಮುದುಕಿ ಒಬ್ಬಳೇ. ನಾನೇ ಹೋಗಿ, ಹಗಲು ನಾನು ನೋಡಿಕೊಳ್ಳುತ್ತೇನೆ ಎಂದೆ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಗಂಜಿ ತಿನ್ನಿಸುವುದು. ಉಮ್ಮ ಸುಲಭದ ಹೆಂಗಸಲ್ಲ. ನೀರು ಬಿಸಿಯಾದರೂ ಬೈಗುಳ, ತಣ್ಣಗಾದರೂ ಬೈಗುಳ. ಬೈದಷ್ಟೂ ನನಗೆ ಒಳಗೊಳಗೇ ಖುಷಿ, ಪುಣ್ಯ ಹೆಚ್ಚು ಬಂತೆಂದು. ನೀನು ನಗುತ್ತಿದ್ದೀಯಾ, ಕಾಣಿಸುತ್ತಿದೆ.

ಒಂದು ದಿನ ತಲೆ ಬಾಚುತ್ತಿದ್ದಾಗ ಅವರು ತಟ್ಟನೆ ಕೇಳಿದರು, "ನಿಂಗೆ ಎಂತಾದ್ರೂ ಹರಕೆ ಉಂಟಾ?" ಸುಳ್ಳು ಹೇಳಲು ಬರಲಿಲ್ಲ. ಉಂಟು ಎಂದು ಎಲ್ಲ ಹೇಳಿದೆ. ಅವರು ನನ್ನ ಕೈಯಿಂದ ಬಾಚಣಿಗೆ ಕಿತ್ತುಕೊಂಡರು. "ಹಾಗಾದ್ರೆ ನಾಳೆಯಿಂದ ಬರ್ಬೇಡ. ನಾನು ನಿನ್ನ ಹರಕೆಯ ಕೋಳಿ ಅಲ್ಲ."

ಅಕ್ಕಾ, ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಇಷ್ಟು ಮಾಡಿಯೂ ಇದೇ ಮಾತೇ ಎಂದು ಆಲ್ಬನ್ನ ಮುಂದೆ ಕೂಗಾಡಿದೆ. ಗಂಡನಾದರೂ ಅವನು ನನ್ನ ಪರ ವಹಿಸಲಿಲ್ಲ. "ಅವರಿಗೆ ಗೊತ್ತಾಗಿದೆ, ಟ್ರೀಸಾ. ನೀನು ನನ್ನನ್ನೂ ಹಾಗೇ ನೋಡಿಕೊಳ್ತಾ ಇದ್ದೀ," ಎಂದ. ಅವನ ಊಟ, ಅವನ ಮಾತ್ರೆ, ಎಲ್ಲ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದೆ. ಅವನ ಮುಖವನ್ನು ಯಾವಾಗ ನೋಡಿದೆನೋ ನೆನಪಾಗಲಿಲ್ಲ. ಆಮೇಲೆ ನಾನು ಮೂರನೇ ಮಹಡಿಗೆ ಹೋಗಲಿಲ್ಲ. ಮೊಯ್ದಿನ್ ಕುಂಞಿ ಅಂಗಡಿಯ ಹುಡುಗನ ಹೆಂಡತಿಯನ್ನು ಕರೆತಂದರು. ಕೆಲವು ವಾರಗಳಲ್ಲಿ ಆಯಿಶಾಳೂ ಮರಳಿದಳು. ಅಲ್ಲಿಗೆ ನನ್ನ ಅಗತ್ಯವೇ ಇಲ್ಲವಾಯಿತು. ಖಲಾಸ್ ಎಂದು ನಿರಾಳವಾಗಬೇಕಿತ್ತು.

ಆಗಲಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಅಕ್ಕಿಹಿಟ್ಟು ಹುಯ್ದು ಸಣ್ಣಾ ಬೇಯಿಸುತ್ತಿದ್ದೆ, ಉಮ್ಮನ ಕೂದಲು ನೆನಪಾಯಿತು. ಕಿವಿಯ ಹಿಂದೆ ಸಿಕ್ಕಾಗುತ್ತದೆ, ಮೆಲ್ಲಗೆ ಬಿಡಿಸದಿದ್ದರೆ ಅವರಿಗೆ ನೋವು. ಒಲೆ ಆರಿಸಿ ಹಾಗೇ ಹೊರಟೆ. ಕೈಯಲ್ಲಿ ಏನೂ ಇರಲಿಲ್ಲ, ಸಣ್ಣಾ ಕೂಡ ಒಯ್ಯಲಿಲ್ಲ. ಬಾಗಿಲು ತೆರೆದ ಆಯಿಶಾ, ಎಲ್ಲ ಆಗಿದೆ ಟ್ರೀಸಾ, ಕೆಲಸ ಏನೂ ಇಲ್ಲ ಎಂದಳು. ಒಳಗಿನಿಂದ ಉಮ್ಮನ ದನಿ ಬಂತು, "ಇವತ್ತು ಎಂತಕ್ಕೆ ಬಂದದ್ದು?"

"ಸುಮ್ನೆ," ಎಂದೆ.

ಒಳಗೆ ಹೋಗಿ ಮಂಚದ ಬಳಿ ನಿಂತೆ. ಆಮೇಲೆ ಅವರು ಮಂಚದ ಮೇಲೆ ಕಷ್ಟಪಟ್ಟು ಸರಿದು ಜಾಗ ಮಾಡಿಕೊಟ್ಟರು. ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಅವರೇ ತಲೆಯನ್ನು ನನ್ನ ಕಡೆ ತಿರುಗಿಸಿದರು. ಸಿಕ್ಕು ಬಿಡಿಸುತ್ತಿದ್ದಂತೆ ಕಾರಿಡಾರಿನಲ್ಲಿ ಬಾರದ ಅಳು ಅಲ್ಲಿ ಬಂತು. ನಾನು ಬದುಕಿದ್ದೇನೆ ಎಂಬುದು ಅಂದು ಮೊದಲ ಸಲ ತಿಳಿದ ಹಾಗಿತ್ತು. ಈ ಜೀವ ದೇವರು ಏನನ್ನೂ ಕೇಳದೆ ಕೊಟ್ಟದ್ದು, ನಾನು ಮಾಡಿದ್ದಕ್ಕಲ್ಲ, ಮಾಡಲಿರುವುದಕ್ಕೂ ಅಲ್ಲ. ಉಮ್ಮ ಏಕೆ ಎಂದು ಕೇಳಲಿಲ್ಲ, ಬೈಯಲೂ ಇಲ್ಲ.

ಸಮಾಧಾನ ಬಂದಿತೆಂದು ಬರೆದರೆ ಸುಳ್ಳಾಗುತ್ತದೆ. ಊಟದ ಪೊಟ್ಟಣ ಬಿಟ್ಟಿಲ್ಲ, ಆದರೆ ಎರಡು ಕಮಿಟಿಗಳಿಗೆ ಇಲ್ಲ ಎಂದೆ. ಇಲ್ಲ ಎಂದ ಮೇಲೆ ಇಡೀ ಸಂಜೆ ಮನೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಮೇಲಿನ ಮಹಡಿಗೆ ಹೋಗುವಾಗ ಮಾತ್ರ ಕಾಲಿಗೆ ಅವಸರವಿರುವುದಿಲ್ಲ.

ನಿನ್ನ ಸಿಸ್ಟರುಗಳಿಗೆಲ್ಲ ನನ್ನ ವಂದನೆ. ಆಲ್ಬನ್ ನಿನ್ನ ಆಶೀರ್ವಾದ ಕೇಳಿದ್ದಾನೆ. ಯೇಸು ನಿನ್ನನ್ನು ಬೆಚ್ಚಗಿಡಲಿ, ಕಾಲುಚೀಲವನ್ನು ನೀನೇ ಹಾಕಿಕೋ.

ನಿನ್ನ ತಂಗಿ,
ಟ್ರೀಸಾ

ತಾ. ಕ.: ಶರ್ವಾಣಿಯ ಕಾರು ಕೆಳಗೆ ಬಂದಿದೆ. ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಈ ವಾರದ ಸ್ಕ್ಯಾನಿನಲ್ಲಿ ಅದೇ ಜಾಗದ ಪಕ್ಕ ಮತ್ತೇನೋ ಕಂಡಿದೆಯಂತೆ, ಬುಧವಾರ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಭಯವಾಗುತ್ತಿದೆ, ಅಕ್ಕಾ. ಪ್ರಾರ್ಥಿಸು. ಆದರೆ ನನ್ನ ಹೆಸರಿನಲ್ಲಿ ಯಾವ ಹರಕೆಯನ್ನೂ ಹೊರಬೇಡ.